ಯಾವ ಮಾತು ಕೇಳಲಿಲ್ಲ?

ಭಾವನ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಡಾಕ್ಟರು ಹೇಳಿದ ಎರಡನೆಯ ವಾರ, ಅಕ್ಕನ ಮನೆಗೆ ಪ್ರಾರ್ಥನೆಗೆಂದು ಮೂವರು ಬಂದರು. ನಾನೂ ಅಲ್ಲೇ ಇದ್ದೆ. ಒಂದು ಹಾಡಾಯಿತು. ಬಂದವರಲ್ಲಿ ಹಿರಿಯರೊಬ್ಬರು ಸತ್ಯವೇದ ತೆರೆದು ಧರ್ಮೋಪದೇಶಕಾಂಡದ 28ನೇ ಅಧ್ಯಾಯ ಓದತೊಡಗಿದರು. ಮೊದಲ 14 ವಚನಗಳಲ್ಲಿ ಆಶೀರ್ವಾದವಿದೆ: ಊರಲ್ಲೂ ಹೊಲದಲ್ಲೂ ಒಳಿತು, ಬುಟ್ಟಿಯಲ್ಲೂ ಹಿಟ್ಟು ನಾದುವ ಪಾತ್ರೆಯಲ್ಲೂ ಸಮೃದ್ಧಿ. ಅಲ್ಲಿಗೆ ನಿಲ್ಲಿಸುತ್ತಾರೆ ಅಂದುಕೊಂಡೆ. ನಿಲ್ಲಿಸಲಿಲ್ಲ. 15ನೇ ವಚನದಿಂದ ಶಾಪಗಳು ಶುರುವಾಗಿ 68ರವರೆಗೂ ಹೋಗುತ್ತವೆ. ಕ್ಷಯ, ಜ್ವರ, ಉರಿ ಎಂಬ ರೋಗಗಳ ಹೆಸರು ಬಂದಾಗ ಮಂಚದ ಮೇಲಿದ್ದ ಭಾವ ಗೋಡೆಯ ಕಡೆ ತಿರುಗಿಕೊಂಡರು.

"ಎಲ್ಲೋ ಒಂದು ಅವಿಧೇಯತೆ ಉಳಿದುಬಿಟ್ಟಿದೆ ಸಿಸ್ಟರ್, ಅದನ್ನ ಹುಡುಕಿ ಒಪ್ಪಿಕೊಳ್ಳಿ. ದೇವರು ಬಿಡುಗಡೆ ಕೊಟ್ಟೇ ಕೊಡ್ತಾರೆ" ಎಂದು ಹೇಳಿ ಅವರು ಎದ್ದರು. ಕೆಟ್ಟ ಮನುಷ್ಯರಲ್ಲ. ಹೋಗುವಾಗ ದಿಂಬಿನ ಕೆಳಗೆ ಐನೂರು ರೂಪಾಯಿ ಇಟ್ಟು ಹೋದರು. ಅಕ್ಕ ಕಾಫಿ ಲೋಟಗಳನ್ನು ತೊಳೆಯುತ್ತಾ, ನನ್ನ ಕಡೆ ನೋಡದೆ ಕೇಳಿದಳು: "ನಾವು ಯಾವ ಮಾತು ಕೇಳಲಿಲ್ಲ?"

ಆ ರಾತ್ರಿ ಅವಳು ಮಲಗಲಿಲ್ಲ. ಮದುವೆಯಾದಂದಿನಿಂದ ಲೆಕ್ಕ ತೆಗೆದಳು. ಮಗಳ ಕಾಲೇಜು ಫೀಸಿಗಾಗಿ ದಶಮಾಂಶ ತಪ್ಪಿದ ಎರಡು ವರ್ಷ. ಅತ್ತೆಯ ಜತೆ ಮಾತು ಬಿಟ್ಟ ಒಂದು ಮಳೆಗಾಲ. ಮಳೆ ಹೊಳವಾದ ಒಂದು ಭಾನುವಾರ ಆರಾಧನೆ ತಪ್ಪಿಸಿ ಭಾವ ಅಡಕೆಗೆ ಮದ್ದು ಬಿಡಿಸಿದ್ದು. ಕಾಯಿಲೆಯಲ್ಲಿರುವ ಮನೆಯೊಳಗೆ ಪೊಲೀಸರು ಬಂದು ತಪಾಸಣೆ ಮಾಡಿದ ಹಾಗಿತ್ತು. ತಪಾಸಣೆ ಮಾಡುತ್ತಿದ್ದವಳೂ ಅವಳೇ, ಕೈಕಟ್ಟಿ ನಿಂತವಳೂ ಅವಳೇ.

ಅಕ್ಕನ ಪ್ರಶ್ನೆ ಸುಳ್ಳು ಪ್ರಶ್ನೆ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅದು ಸತ್ಯವೇದದ ಮೊದಲಿನಿಂದ ಕೊನೆಯವರೆಗೂ ಕೇಳಿಬರುವ ಪ್ರಶ್ನೆಯೇ. ಅದನ್ನು ಕೇಳಿದ ಮನೆ ತಪ್ಪು ಎಂಬುದಷ್ಟೇ ನನ್ನ ವಾದ.

ಕನ್ನಡದಲ್ಲಿ ವಿಧೇಯತೆಗೆ ಮನೆಮಾತಿನ ಹೆಸರು 'ಮಾತು ಕೇಳುವುದು'. ಹುಡುಗ ಮಾತು ಕೇಳಲ್ಲ ಅಂದರೆ ಅವನಿಗೆ ಕಿವುಡು ಎಂದು ಯಾರೂ ತಿಳಿಯುವುದಿಲ್ಲ. ಇದು ನಮ್ಮ ಭಾಷೆಗೆ ಸಿಕ್ಕ ದೊಡ್ಡ ಭಾಗ್ಯ, ಏಕೆಂದರೆ ಹೀಬ್ರೂ ಭಾಷೆಯೂ ಹೀಗೆಯೇ. ಅಲ್ಲಿ 'ಶಮಾ' ಎಂಬ ಒಂದೇ ಧಾತು ಕಿವಿಗೊಡುವುದಕ್ಕೂ ಹೇಳಿದಂತೆ ನಡೆಯುವುದಕ್ಕೂ ಸಲ್ಲುತ್ತದೆ. 28ನೇ ಅಧ್ಯಾಯದ ಮೊದಲ ವಚನವೂ ದೇವರ ಸ್ವರವನ್ನು ಕೇಳುವ ಮಾತಿನಿಂದಲೇ ಶುರುವಾಗುತ್ತದೆ. ಗ್ರೀಕಿನಲ್ಲಿ ಹೊಸ ಒಡಂಬಡಿಕೆ ವಿಧೇಯತೆಗೆ ಬಳಸುವ ಪದದ ಹೊಟ್ಟೆಯಲ್ಲೂ ಕೇಳುವಿಕೆಯೇ ಇದೆ. ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಡುವುದನ್ನೂ 'ಕೇಳುವುದು' ಎಂದೇ ಕರೆಯುತ್ತದೆ. ದೇವರ ಮಾತು ಕೇಳುತ್ತೇವೆ, ದೇವರನ್ನು ವರ ಕೇಳುತ್ತೇವೆ. ನಮ್ಮ ಸಭೆಗಳಲ್ಲಿ ಇತ್ತೀಚೆಗೆ ಈ ಎರಡನೆಯ ಅರ್ಥ ಮೊದಲನೆಯದನ್ನು ತನ್ನ ಕೆಲಸದಾಳು ಮಾಡಿಕೊಂಡಿದೆ. ಕೇಳಿದ್ದು ಸಿಗಲಿ ಎಂದು ಮಾತು ಕೇಳುತ್ತೇವೆ. ವಿಧೇಯತೆ ಮುಂಗಡ ಹಣ, ಆಶೀರ್ವಾದ ಸರಕು.

ಈ ವ್ಯಾಪಾರದ ಲೆಕ್ಕ ಸತ್ಯವೇದದಲ್ಲಿ ಮೊದಲ ಪುಟದಲ್ಲೇ ತಪ್ಪುತ್ತದೆ. ದಶಾಜ್ಞೆಗಳು ಆಜ್ಞೆಯಿಂದ ಆರಂಭವಾಗುವುದಿಲ್ಲ. ನಿನ್ನನ್ನು ಐಗುಪ್ತದ ಗುಲಾಮಗಿರಿಯಿಂದ ಬಿಡಿಸಿ ತಂದವನು ನಾನು ಎಂದು ದೇವರು ಮೊದಲು ನೆನಪಿಸುತ್ತಾನೆ. ಆಮೇಲೆ ಮೊದಲನೆಯ ಆಜ್ಞೆ. ಬಿಡುಗಡೆ ಆಗಿಹೋಗಿದೆ, ಕೆಂಪು ಸಮುದ್ರ ಹಿಂದೆ ಉಳಿದಿದೆ, ಮನ್ನ ತಿಂದಾಗಿದೆ. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ರೈತ ಪ್ರಥಮಫಲದ ಬುಟ್ಟಿ ಹೊತ್ತು ದೇವರ ಸನ್ನಿಧಿಗೆ ಬರುವುದೂ ಹೀಗೆಯೇ. ತನ್ನ ಮೂಲಪಿತೃ ಅಲೆಮಾರಿಯಾಗಿದ್ದ ಎಂದು ಅವನು ಹೇಳಿಕೊಳ್ಳಬೇಕು, ಬಂದ ದಾರಿಯ ಕತೆ ಹೇಳಬೇಕು, ಬುಟ್ಟಿ ಇಳಿಸಬೇಕು, ಆಮೇಲೆ ಲೇವಿಯರನ್ನೂ ಪರದೇಶಿಗಳನ್ನೂ ಕೂರಿಸಿಕೊಂಡು ಸಂತೋಷಪಡಬೇಕು. ಬುಟ್ಟಿ ಕೊಡುವುದಕ್ಕೆ ಮುಂಚೆ ನೆಲ ಕೊಟ್ಟಿದೆ.

ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಳೆರೋಗ ಬಂದು ಅಡಕೆ ಪೂರ್ತಿ ಉದುರಿಹೋದ ಒಂದು ವರ್ಷ, ದೊಡ್ಡಮ್ಮ ಒಂದು ಕಟ್ಟು ಬಸಳೆ, ನಾಲ್ಕು ತೆಂಗಿನಕಾಯಿ ತಂದು ಬಲಿಪೀಠದ ಮುಂದಿಟ್ಟರು. ಆ ಬಸಳೆ ಏಲಂನಲ್ಲಿ ನಲವತ್ತು ರೂಪಾಯಿಗೆ ಹೋಯಿತು. ಇಷ್ಟು ನಷ್ಟದಲ್ಲಿ ಇದೆಲ್ಲ ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಇದು ಬಂದಿದೆಯಲ್ಲ" ಅಂದರು. ಹಬಕ್ಕೂಕನ ಪುಸ್ತಕದ ಕೊನೆಯಲ್ಲಿ ಅಂಜೂರ ಚಿಗುರದಿದ್ದರೂ ಹಟ್ಟಿಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಹಿಗ್ಗುವೆನೆಂಬ ಮಾತು ಬರುತ್ತದಲ್ಲ, ಅದನ್ನು ಓದುವಾಗೆಲ್ಲ ನನಗೆ ಆ ಬಸಳೆ ಕಟ್ಟು ಕಣ್ಣಿಗೆ ಬರುತ್ತದೆ.

ಹಾಗಾದರೆ 28ನೇ ಅಧ್ಯಾಯವನ್ನು ಏನು ಮಾಡೋಣ? ಅದನ್ನು ಹಾರಿಸಿ ಓದುವುದು ಪ್ರಾಮಾಣಿಕತೆಯಲ್ಲ. ಅಲ್ಲಿ 'ಕೇಳಿದರೆ ಒಳಿತು, ಕೇಳದಿದ್ದರೆ ಕೇಡು' ಎಂಬುದು ಬಿಸಿಲಿನಷ್ಟು ಸ್ಪಷ್ಟ. ಆದರೆ ಅದನ್ನು ಯಾರಿಗೆ ಹೇಳಲಾಗಿದೆ ನೋಡಬೇಕು. ಯೊರ್ದನ್ ದಾಟುವ ಮುಂಚೆ ಮೋವಾಬಿನ ಬಯಲಿನಲ್ಲಿ, ಇಡೀ ಇಸ್ರಾಯೇಲ್ ಜನಾಂಗವನ್ನು ಒಬ್ಬನೇ ಮನುಷ್ಯನೆಂಬಂತೆ ಎದುರಿಗೆ ನಿಲ್ಲಿಸಿಕೊಂಡು ಹೇಳಿದ ಮಾತದು. ಯಾವ ಮಾತು ಕೇಳಬೇಕು ಎಂಬುದಕ್ಕೂ ಹಿಂದಿನ ಅಧ್ಯಾಯಗಳಲ್ಲೇ ಉತ್ತರವಿದೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡು. ವಿಧವೆಯ ಬಟ್ಟೆಯನ್ನು ಒತ್ತೆ ಇಟ್ಟುಕೊಳ್ಳಬೇಡ. ಕೊಯ್ಲಿನಲ್ಲಿ ಮರೆತ ಸಿವುಡನ್ನು ತರಲು ಹಿಂದಿರುಗಬೇಡ, ಅದು ಪರದೇಶಿಗೂ ತಬ್ಬಲಿಗೂ ವಿಧವೆಗೂ ಸೇರಿದ್ದು. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬೇಡ. ಏಳು ವರ್ಷಕ್ಕೊಮ್ಮೆ ಸಾಲ ಮನ್ನಾ ಮಾಡು. 27ನೇ ಅಧ್ಯಾಯದಲ್ಲಿ ಶಾಪಕ್ಕೆ ಗುರಿಯಾಗುವವರ ಪಟ್ಟಿಯಲ್ಲಿ ನೆರೆಯವನ ಬಾಂದುಕಲ್ಲು ಸರಿಸುವವನಿದ್ದಾನೆ, ಕುರುಡನಿಗೆ ದಾರಿ ತಪ್ಪಿಸುವವನಿದ್ದಾನೆ. ಮಲಗಿದಲ್ಲಿಂದ ಏಳಲಾಗದವನು ಆ ಪಟ್ಟಿಯಲ್ಲಿಲ್ಲ.

ಈ ಮಾತುಗಳನ್ನು ಒಂದು ಊರು ನಿಜಕ್ಕೂ ಕೇಳಿತು ಎಂದಿಟ್ಟುಕೊಳ್ಳಿ. ಆ ಊರಿನ ಬುಟ್ಟಿಗಳು ತುಂಬುವುದಕ್ಕೆ ಬೇರೆ ಪವಾಡ ಬೇಕಿಲ್ಲ. ಕೂಲಿ ಸಂಜೆಯೇ ಕೈಸೇರಿದ ಮನೆಯಲ್ಲಿ ಆ ರಾತ್ರಿ ಒಲೆ ಉರಿಯುತ್ತದೆ. ರೂತಳ ಪುಸ್ತಕದಲ್ಲಿ ಬೋವಜನ ಹೊಲದಲ್ಲಿ ನಡೆದದ್ದು ಇದೇ. ಅವನು ನ್ಯಾಯಪ್ರಮಾಣದ ಮಾತು ಕೇಳಿದ, ಅದಕ್ಕಿಂತ ಒಂದು ಹಿಡಿ ಹೆಚ್ಚೇ ಕೇಳಿದ: ಬೇಕೆಂದೇ ತೆನೆಗಳನ್ನು ಬಿಟ್ಟುಹೋಗುವಂತೆ ಆಳುಗಳಿಗೆ ಹೇಳಿದ. ಸಂಜೆ ರೂತಳು ಬಡಿದು ಅಳೆದಾಗ ಒಂದು ಏಫದಷ್ಟು ಜವೆಗೋಧಿ ಇತ್ತು, ನಮ್ಮ ಅಳತೆಯಲ್ಲಿ ಸುಮಾರು 20 ಲೀಟರ್. ವಿಧೇಯನಾದವನು ಬೋವಜ, ತುಂಬಿದ್ದು ಪರದೇಶದಿಂದ ಬಂದ ಒಬ್ಬ ವಿಧವೆಯ ಸೆರಗು. ಧರ್ಮೋಪದೇಶಕಾಂಡದ ಆಶೀರ್ವಾದ ಹರಿಯುವ ಕಾಲುವೆ ಇದು. ನಾನು ಮಾತು ಕೇಳಿದರೆ ಫಲ ಬಹಳ ಸಲ ಪಕ್ಕದ ಮನೆಯ ಬುಟ್ಟಿಗೆ ಬೀಳುತ್ತದೆ. ನಾನು ಕೇಳದಿದ್ದರೆ ಬರಿದಾಗುವುದೂ ಪಕ್ಕದ ಮನೆಯೇ. ಅಬ್ರಹಾಮನಿಗೆ ದೇವರು ಕೊಟ್ಟ ಮೊದಲ ವಾಗ್ದಾನದಲ್ಲೂ ಅವನ ಮೂಲಕ ಭೂಮಿಯ ಎಲ್ಲಾ ಕುಲಗಳಿಗೆ ಆಶೀರ್ವಾದ ಎಂಬುದೇ ಕೊನೆಯ ಗುರಿ.

ದಶಮಾಂಶದ ಕವರುಗಳ ಮೇಲೆ ಅಚ್ಚಾಗುವ ಮಲಾಕಿಯ ವಚನಕ್ಕೂ ಇದೇ ಅನ್ವಯಿಸುತ್ತದೆ. 3ನೇ ಅಧ್ಯಾಯದ 10ನೇ ವಚನ, ಪರಲೋಕದ ಕಿಟಕಿಗಳು ತೆರೆಯುವ ಮಾತು, ನಮಗೆಲ್ಲ ಬಾಯಿಪಾಠ. ಐದು ವಚನ ಮೇಲೆ, 5ನೆಯದರಲ್ಲಿ, ಕೂಲಿಗಾರನ ಕೂಲಿ ಹಿಡಿಯುವವರ, ವಿಧವೆಯರನ್ನೂ ತಬ್ಬಲಿಗಳನ್ನೂ ಹಿಂಸಿಸುವವರ, ಪರದೇಶಿಯನ್ನು ತಳ್ಳುವವರ ವಿರುದ್ಧ ದೇವರು ತಾನೇ ಸಾಕ್ಷಿಯಾಗಿ ನಿಲ್ಲುತ್ತಾನೆ. ಆ ವಚನವಿರುವ ಕವರನ್ನು ನಾನು ಇದುವರೆಗೆ ನೋಡಿಲ್ಲ. ಬಂಡಾರಕ್ಕೆ ತರಬೇಕಾದ ದಶಮಾಂಶ ಆಗ ದವಸಧಾನ್ಯ. ಜಮೀನಿನ ಪಾಲಿಲ್ಲದ ಲೇವಿಯರು ಅದರಿಂದ ಉಣ್ಣಬೇಕಿತ್ತು, ಮೂರನೆಯ ವರ್ಷದ ದಶಮಾಂಶ ಆಯಾ ಊರಲ್ಲೇ ಉಳಿದು ವಿಧವೆಯರಿಗೂ ತಬ್ಬಲಿಗಳಿಗೂ ಪರದೇಶಿಗಳಿಗೂ ಸೇರಬೇಕಿತ್ತು. ಅದು ಬಾರದೆ ಲೇವಿಯರು ದೇವಾಲಯ ಬಿಟ್ಟು ಹೊಲಗದ್ದೆಗೆ ಹೋದ ಸಂಗತಿಯನ್ನು ನೆಹೆಮೀಯ ಬರೆದಿಟ್ಟಿದ್ದಾನೆ. ಮಲಾಕಿ ಗದರಿಸುವುದೂ ಇಡೀ ಜನಾಂಗವನ್ನೇ. ಅಂಥ ಮಾತನ್ನು ಕಿತ್ತು ತಂದು, ಫೀಸು ಕಟ್ಟಲು ಒದ್ದಾಡಿದ ಒಬ್ಬ ತಾಯಿಯ ತಲೆಯ ಮೇಲೆ ಇಡುವುದು ಅನ್ಯಾಯ. ಬಂಡಾರ ಯಾರಿಗಾಗಿ ಇತ್ತೋ ಅವರನ್ನೇ ಬಂಡಾರದ ಸಾಲಗಾರರನ್ನಾಗಿ ಮಾಡಿದಂತೆ.

ಮಾತು ಕೇಳಿದವನ ಬದುಕೂ ನೇರ್ಪಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ಕುಡಿತ ಬಿಟ್ಟು ಸಭೆಗೆ ಬಂದವನ ಮಕ್ಕಳ ಮೈಮೇಲೆ ವರ್ಷದೊಳಗೆ ಒಳ್ಳೆಯ ಬಟ್ಟೆ ಕಂಡಿದ್ದೇನೆ. ಆ ಸಾಕ್ಷಿಗಳು ನಿಜ, ಅವುಗಳಿಗಾಗಿ ನಾನೂ ಸ್ತೋತ್ರ ಹೇಳಿದ್ದೇನೆ. ಆದರೆ ಇದನ್ನು ತಿರುಗಿಸಿ, ಬಟ್ಟೆ ಹರಿದಿದ್ದರೆ ಪಾಪವಿದೆ ಎಂದು ಓದಲು ಹೊರಟವರಿಗೆ ಯೋಬನ ಪುಸ್ತಕ ಅಡ್ಡ ನಿಲ್ಲುತ್ತದೆ. ಆ ಪುಸ್ತಕದ ಮೊದಲ ಅಧ್ಯಾಯದಲ್ಲಿ ಸೈತಾನ ಎತ್ತುವ ಪ್ರಶ್ನೆ ಒಂದೇ: ಲಾಭವಿಲ್ಲದೆ ಯೋಬ ದೇವರಿಗೆ ಅಂಜುತ್ತಾನೆಯೇ? ಬೇಲಿ ತೆಗೆದು ನೋಡು, ಬಾಯ್ತುಂಬ ಬೈಯುತ್ತಾನೆ ಎಂಬುದು ಅವನ ಲೆಕ್ಕ. ವಿಧೇಯತೆಗೆ ಆಶೀರ್ವಾದದ ದರಪಟ್ಟಿ ಹಚ್ಚುವ ಬೋಧನೆ ತನಗೆ ಗೊತ್ತಿಲ್ಲದೆಯೇ ಈ ಲೆಕ್ಕಕ್ಕೆ ಸಹಿ ಹಾಕುತ್ತದೆ. ಬಿಟ್ಟಿಯಾಗಿ ಯಾರೂ ದೇವರನ್ನು ಪ್ರೀತಿಸುವುದಿಲ್ಲ ಎಂದು ಅದೂ ನಂಬಿದೆ. ಯೋಬನ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಆ ಪುಸ್ತಕದಲ್ಲಿ ಅವರು ಮಾಡಿದ ಅತ್ಯುತ್ತಮ ಕೆಲಸ ಅದು. ಬಾಯಿ ತೆರೆದ ಮೇಲೆ ಅಕ್ಕನ ಮನೆಗೆ ಬಂದವರಂತೆಯೇ ಮಾತಾಡಿದರು. ಕೊನೆಗೆ ದೇವರ ಕೋಪ ಉರಿದದ್ದು ಅವರ ಮೇಲೆ.

ಮಾತು ಕೇಳಿದವನಿಗೂ ನಷ್ಟ ಬರುತ್ತದೆ ಎಂಬುದನ್ನು ತಿಳಿಯಲು ಕರಾವಳಿಯ ಕ್ರೈಸ್ತರು ದೂರ ಹೋಗಬೇಕಿಲ್ಲ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮತ ಬದಲಿಸಿದವನಿಗೂ ಪಿತ್ರಾರ್ಜಿತ ಆಸ್ತಿಯ ಹಕ್ಕು ತಪ್ಪಬಾರದೆಂಬ ಕಾಯ್ದೆ ಬಂದದ್ದು 1850ರಲ್ಲಿ. ನಡುವಿನ ವರ್ಷಗಳಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಮೊದಲು ಸಿಕ್ಕಿದ್ದು ನಷ್ಟ. ಮನೆ ಹೋಯಿತು, ಕುಲದ ಕಸುಬು ಹೋಯಿತು, ಬಾವಿಯ ನೀರೂ ಹೋಯಿತು. ಅಂಥವರಿಗಾಗಿ ಮಿಷನ್ ಮಗ್ಗ ಹೂಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ದೇವರ ಮಾತು ಕೇಳಿ ಬೀದಿಗೆ ಬಂದವನ ಹೊಟ್ಟೆಗೆ ಏನು ಎಂಬ ಚಿಂತೆಯನ್ನು ಆ ಸಭೆ ತನ್ನದೆಂದುಕೊಂಡಿತು.

ಪಂಡಿತಾ ರಮಾಬಾಯಿಯವರನ್ನು ನೆನೆಯದೆ ನಾನು ಈ ವಿಷಯ ಬರೆಯಲಾರೆ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಹೆಣ್ಣಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ವಿರೋಧ ಎದುರಿಸಿದ ಅಪ್ಪ, ಕಲಿತು ಮಗಳಿಗೂ ಕಲಿಸಿದ ಅಮ್ಮ, ಇಬ್ಬರನ್ನೂ ಬರಗಾಲದಲ್ಲಿ ಕಳೆದುಕೊಂಡರು. ಆಮೇಲೆ ಅಣ್ಣ, 1882ರಲ್ಲಿ ಕಾಲರಾಕ್ಕೆ ಗಂಡ. ಎಳೆಯ ಮಗಳನ್ನು ಎತ್ತಿಕೊಂಡು ವೈದ್ಯಕೀಯ ಓದಲೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಆ ಓದು ಕೈತಪ್ಪಿತು. ಅಲ್ಲೇ 1883ರಲ್ಲಿ ದೀಕ್ಷಾಸ್ನಾನವಾಯಿತು. ಕಿವಿ ಕೇಳಿಸದಾಗುತ್ತಿದ್ದ ಈ ಹೆಂಗಸಿನಷ್ಟು ದೇವರ ಮಾತು ಕೇಳಿದವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರೋ! 1896ರ ಬರದಲ್ಲಿ ಮಧ್ಯಪ್ರಾಂತ್ಯದ ಊರೂರು ತಿರುಗಿ, ಹಸಿದ ಹೆಣ್ಣುಮಕ್ಕಳನ್ನು ನೂರುಗಟ್ಟಲೆ ಕರೆತಂದರು. ಪುಣೆ ಹತ್ತಿರದ ಕೇಡಗಾಂವಿನ ಮುಕ್ತಿ ಸದನದಲ್ಲಿ 1900ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಮಂದಿ ಉಣ್ಣುತ್ತಿದ್ದರು, ಓದುತ್ತಿದ್ದರು, ಕಸುಬು ಕಲಿಯುತ್ತಿದ್ದರು. 1921ರ ಜುಲೈಯಲ್ಲಿ, ಉಳಿದ ಒಬ್ಬಳೇ ಮಗಳು ಮನೋರಮೆ ತೀರಿಕೊಂಡರು. ಮುಂದಿನ ಏಪ್ರಿಲಿನಲ್ಲಿ ತಾಯಿ. ಧರ್ಮೋಪದೇಶಕಾಂಡವನ್ನು ದರಪಟ್ಟಿಯಂತೆ ಓದುವವರು ಈ ಬದುಕಿಗೆ ಯಾವ ವಚನ ಹಚ್ಚುತ್ತಾರೆ? ಆಶೀರ್ವಾದ ಬಂದಿತ್ತು, ಸಾವಿರ ತಟ್ಟೆಗಳಿಗೆ ಬಂದಿತ್ತು. ಅವರ ಸ್ವಂತ ಮನೆ ಖಾಲಿಯಾಗಿತ್ತು.

ರಮಾಬಾಯಿಯವರಿಂದ ಇನ್ನೊಂದನ್ನೂ ಕಲಿಯಬೇಕಿದೆ. ದೀಕ್ಷಾಸ್ನಾನವಾದ ಮೇಲೆ, ತಮಗೆ ಮನದಟ್ಟಾಗದ ಸಿದ್ಧಾಂತಗಳನ್ನು ಒಪ್ಪಿಕೊಳ್ಳುವಂತೆ ಚರ್ಚಿನ ಹಿರಿಯರು ಒತ್ತಾಯಿಸಿದಾಗ ಅವರು ಬಗ್ಗಲಿಲ್ಲ. ಒಂದು ಪುರೋಹಿತಶಾಹಿಯ ನೊಗವನ್ನು ಬಹು ಕಷ್ಟದಿಂದ ಕಳಚಿ ಬಂದವಳು ಇನ್ನೊಂದಕ್ಕೆ ಕೊರಳು ಕೊಡಲಾರೆ ಎಂಬ ಅರ್ಥದ ಪತ್ರ ಬರೆದರು. ವಿಧೇಯತೆಯ ಪ್ರಸಂಗ ಮಾಡುವವರು ಎಷ್ಟೋ ಸಲ ದೇವರ ಮಾತು, ತಮ್ಮ ಮಾತು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಯಜ್ಞಕ್ಕಿಂತ ಮಾತು ಕೇಳುವುದೇ ಮೇಲು ಎಂದು ಸಮುವೇಲ ಸೌಲನನ್ನು ಗದರಿಸಿದ ಪ್ರಸಂಗ ಇದಕ್ಕೆ ಬಹಳ ಉಪಯೋಗವಾಗುತ್ತದೆ. ಆ ಅಧ್ಯಾಯದಲ್ಲಿ ಅಮಾಲೇಕ್ಯರ ಎಳೆಮಕ್ಕಳನ್ನೂ ಬಿಡಬಾರದೆಂಬ ಆಜ್ಞೆಯಿದೆ. ನನಗೆ ಅದನ್ನು ಸುಲಭವಾಗಿ ದಾಟಲು ಆಗಿಲ್ಲ, ದಾಟಿದವರನ್ನು ಕಂಡರೆ ಭಯವಾಗುತ್ತದೆ. ಎಲ್ಲ ವಿಧೇಯತೆಯನ್ನೂ ಕ್ರಿಸ್ತನ ಮುಂದೆ ತಂದು ತೂಗಬೇಕು. ಮನುಷ್ಯರಿಗಿಂತ ದೇವರ ಮಾತು ಕೇಳಬೇಕೆಂದು ಪೇತ್ರ ಹೇಳಿದ್ದು ದೇವಾಲಯದ ಹಿರಿಯರ ಎದುರಿಗೇ ಅಲ್ಲವೇ.

ಕ್ರಿಸ್ತನ ಮುಂದೆ ತಂದಾಗ ಏನು ಕಾಣುತ್ತದೆ? ಗೆತ್ಸೇಮನೆಯಲ್ಲಿ ನಮ್ಮ ಕನ್ನಡದ ಆ ಒಂದೇ ಕ್ರಿಯಾಪದದ ಎರಡೂ ಅರ್ಥ ಒಂದೇ ಪ್ರಾರ್ಥನೆಯೊಳಗೆ ಕೂಡಿವೆ. ಈ ಪಾತ್ರೆ ತನ್ನಿಂದ ತೊಲಗಲಿ ಎಂದು ಯೇಸುಸ್ವಾಮಿ ಕೇಳಿದರು. ತಂದೆಯ ಮಾತನ್ನೂ ಕೇಳಿದರು. ಕೇಳಿದ್ದು ಸಿಗಲಿಲ್ಲ. ಮಗನಾಗಿದ್ದರೂ ಬಾಧೆಗಳಿಂದಲೇ ವಿಧೇಯತೆ ಕಲಿತರೆಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಆ ವಿಧೇಯತೆಯ ಫಲವೂ ಬಿದ್ದದ್ದು ಬೇರೆಯವರ ಬುಟ್ಟಿಗೆ, ನಮ್ಮ ಬುಟ್ಟಿಗೆ.

ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನನ್ನು ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕದ ಪುಸ್ತಕವನ್ನು ತೆರೆಯಲೇ ಇಲ್ಲ. ಇವನೂ ಅಲ್ಲ, ಹೆತ್ತವರೂ ಅಲ್ಲ ಎಂದು ಮುಚ್ಚಿಬಿಟ್ಟರು. ಹಗಲಿರುವಾಗ ಮಾಡಬೇಕಾದ ಕೆಲಸವಿದೆ ಎಂದು ಹೇಳಿ, ನೆಲಕ್ಕೆ ಉಗುಳಿ ಕೆಸರು ಕಲಸಿದರು. ಕುರುಡನ ಹಿಂದೆ ಏನಿತ್ತು ಎಂದು ಶಿಷ್ಯರು ಹುಡುಕುತ್ತಿದ್ದಾಗ, ಅವನ ಮುಂದೆ ತಾವೇನು ಮಾಡಬೇಕು ಎಂಬ ಕಡೆಗೆ ಅವರ ಕಣ್ಣು ತಿರುಗಿಸಿದರು. ಅಕ್ಕನ ಪ್ರಶ್ನೆಗೂ ಈ ತಿರುವು ಬೇಕು. ಒಂದು ಮನೆಯಲ್ಲಿ ರೋಗ ಬಿದ್ದಾಗ 'ಯಾವ ಮಾತು ಕೇಳಲಿಲ್ಲ' ಎಂಬ ಪ್ರಶ್ನೆ ಎದ್ದರೆ, ಅದಕ್ಕೆ ಉತ್ತರ ಕೊಡಬೇಕಾದದ್ದು ಉಳಿದ ಮನೆಗಳು. ರೋಗಿಯನ್ನು ನೋಡಿಕೊಳ್ಳಿ ಎಂಬ ಮಾತು, ಒಬ್ಬರ ಭಾರ ಒಬ್ಬರು ಹೊರಿ ಎಂಬ ಮಾತು ನಮಗೆ ಹೇಳಿದ್ದು. ಐನೂರು ರೂಪಾಯಿ ಇಟ್ಟುಹೋದ ಆ ಹಿರಿಯರ ಕೈ ಅವರ ಬಾಯಿಗಿಂತ ಚೆನ್ನಾಗಿ ಮಾತು ಕೇಳಿತ್ತು.

ವಾರಕ್ಕೆ ಮೂರು ದಿನ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಅಕ್ಕನ ಮನೆಯಿಂದ ಆಸ್ಪತ್ರೆಗೆ ಇಪ್ಪತ್ತೆರಡು ಕಿಲೋಮೀಟರು. ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುವ, ಸಾಕ್ಷಿಯ ಸಮಯದಲ್ಲಿ ಎಂದೂ ಎದ್ದು ನಿಲ್ಲದ ಒಬ್ಬ ಆಟೋ ಡ್ರೈವರ್ ಇದ್ದಾನೆ. ಮೊದಲ ತಿಂಗಳ ಕೊನೆಗೆ ಅಕ್ಕ ಬಾಡಿಗೆ ಲೆಕ್ಕ ಕೇಳಿದಾಗ, "ಡೀಸೆಲ್ಲಿಂದು ಮಾತ್ರ ಕೊಡಿ ಅಕ್ಕ" ಅಂದ. ಅದನ್ನೂ ಈಗ ಮಹಿಳಾ ಸಂಘದವರು ಕೊಡುತ್ತಾರೆ. ರಿಟೈರಾದ ಟೀಚರೊಬ್ಬರು ಬುಧವಾರಗಳಂದು ಆಸ್ಪತ್ರೆಯಲ್ಲಿ ಭಾವನ ಪಕ್ಕ ಕೂತು ಪೇಪರ್ ಓದಿ ಹೇಳುತ್ತಾರೆ. ಆ ದಿನ ಅಕ್ಕ ತೋಟದ ಕಡೆ ಹೋಗಿ ಬರುತ್ತಾಳೆ. ಭಾವನ ಕಿಡ್ನಿ ಸರಿಹೋಗಿಲ್ಲ. ಬದಲಿ ಕಿಡ್ನಿಗೆ ಹೆಸರು ಬರೆಸಿ ಕಾಯುತ್ತಿದ್ದಾರೆ.

ಹೋದ ತಿಂಗಳು ಒಂದು ಭಾನುವಾರ ಅಯ್ಯನವರು ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಹೊಸ ಸೈಟು ಕೊಂಡವರೊಬ್ಬರು ಹೇಳಿದರು, ಮಗನಿಗೆ ವೀಸಾ ಸಿಕ್ಕಿದವರೊಬ್ಬರು ಹೇಳಿದರು. ಆಮೇಲೆ ಹೆಂಗಸರ ಕಡೆಯ ಮೂರನೆಯ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಈ ವಾರವೂ ಮೂರು ಸಲ ಹೋಗಿ ಬಂದೆವು" ಎಂದಳು. ಇನ್ನೇನೋ ಹೇಳುವವಳಂತೆ ಹಿಂದಿನ ಬೆಂಚಿನ ಕಡೆ ಒಮ್ಮೆ ತಿರುಗಿ ನೋಡಿ, ಕೂತಳು.